ಕೊನೇ ರೇಟು ಹೇಳಿ

ಅಕ್ಕನ ಮಗನ ಮುಂಜಿಯ ವಿಡಿಯೊ ತೆಗೆದ ಸ್ಟುಡಿಯೋದವರು ಮಿಕ್ಸಿಂಗಿಗೆ ಬೇರೆ ದುಡ್ಡು ಅಂದರು. ಮಿಕ್ಸಿಂಗ್ ಅಂದರೆ ಗೊತ್ತಲ್ಲ, ವಟು ಗುಲಾಬಿ ಹೂವಿನೊಳಗಿಂದ ಉದ್ಭವಿಸುವುದು, ಹೃದಯಾಕಾರದ ಕಿಂಡಿ ತೆರೆದು ಪುರೋಹಿತರು ಪ್ರತ್ಯಕ್ಷರಾಗುವುದು, ಊಟದ ಸಾಲಿಗೆ ಕೊಳಲಿನ ಹಿನ್ನೆಲೆ. “ಇಷ್ಟಕ್ಕೆ ಅವರ್ಯಾಕೆ? ಕಂಪ್ಯೂಟರಲ್ಲಿ ನಾನೇ ಮಾಡಿಕೊಡ್ತೀನಿ ಬಿಡಕ್ಕಾ” ಅಂದೆ. ಅಕ್ಕ ನಂಬಿದಳು. ನನ್ನ ಹೆಂಡತಿ ನಂಬಲಿಲ್ಲ, ಅವಳಿಗೆ ಅನುಭವವಿದೆ.

ಎಡಿಟಿಂಗ್ ಸಾಫ್ಟ್‌ವೇರಿನ ಪೇಟೆಗೆ ಇಳಿದ ಮೇಲೆ ಮೊದಲು ತಿಳಿದದ್ದು, ಇಲ್ಲಿ ಬಹಳ ಮಂದಿ ಮಾರುವುದೇ ಇಲ್ಲ, ಬಾಡಿಗೆಗೆ ಕೊಡುತ್ತಾರೆ. ಅಡೋಬಿಯವರು 2013ರಲ್ಲಿ ಈ ದಾರಿ ಹಿಡಿದರು. ಪ್ರೀಮಿಯರ್ ಪ್ರೊ ಬೇಕೆಂದರೆ ಕಟ್ಟುತ್ತಲೇ ಇರಬೇಕು. ಕಟ್ಟುವುದು ನಿಂತರೆ ಅದೂ ನಿಲ್ಲುತ್ತದೆ. ಆಪಲ್‌ನವರು 2011ರಲ್ಲಿ ಫೈನಲ್ ಕಟ್ ಪ್ರೊ ಹತ್ತನ್ನು 299.99 ಡಾಲರಿಗೆ ಒಂದೇ ಏಟಿಗೆ ಮಾರಿದರು. ಸರಿ, ಆದರೆ ಅದು ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಮ್ಯಾಕ್‌ನ ಬೆಲೆ ನೋಡಿ ಆ ಪುಟವನ್ನು ಮುಚ್ಚಿದೆ. ಆ 99 ಪೈಸೆಯ ಚಾಳಿಯನ್ನು ನಾವು ಬಾಟಾ ರೇಟು ಅಂತ ನಗುತ್ತಿದ್ದೆವು, ಈಗ ಎಲ್ಲರದ್ದೂ ಅದೇ. ಮೇಲೆ ಶೇ. 18 ಜಿಎಸ್‌ಟಿ. ಅದು ಕಾರ್ಡಿನ ನಂಬರು ಕುಟ್ಟುವ ಕೊನೇ ಪುಟದಲ್ಲಿ ತಣ್ಣಗೆ ಬಂದು ಕೂರುತ್ತದೆ.

ನನ್ನ ನಿಜವಾದ ಸಂಕಟ ಬೆಲೆಯದ್ದಲ್ಲ, ಚೌಕಾಶಿಯದ್ದು. ಗಾಂಧಿ ಬಜಾರಿನಲ್ಲಿ ನನ್ನ ಹೆಂಡತಿ ಸೇವಂತಿಗೆ ಮಾರಿಗೆ ಅರ್ಧ ಬೆಲೆ ಕೇಳಿ, ಮುಖ ಸಿಂಡರಿಸಿ, ತಿರುಗಿ ನಡೆಯುತ್ತಾಳೆ. ಹತ್ತು ಹೆಜ್ಜೆ ಹೋಗುವುದರೊಳಗೆ “ಬನ್ನಿ ಅಕ್ಕಾ, ತಗೊಂಡೋಗಿ” ಎಂಬ ಕರೆ ಬರುತ್ತದೆ. ಕಂಪ್ಯೂಟರಿನ ಪರದೆಗೆ ಮುಖ ಸಿಂಡರಿಸಿದರೆ ಯಾರಿಗೆ ಕಾಣಬೇಕು?

ಕಾಣುತ್ತದಂತೆ! ಒಂದು ಕಂಪನಿಯ ಸಾಫ್ಟ್‌ವೇರನ್ನು ಬುಟ್ಟಿಗೆ ಹಾಕಿ, ದುಡ್ಡು ಕೊಡುವ ಹೊತ್ತಿಗೆ ಕರೆಂಟು ಹೋಯಿತು. ಮರುದಿನ ಬೆಳಿಗ್ಗೆ ಮೇಲ್ ಬಂದಿತ್ತು: ‘ನಿಮ್ಮ ಬುಟ್ಟಿ ನಿಮಗಾಗಿ ಕಾಯುತ್ತಿದೆ, ಶೇ. 20 ರಿಯಾಯಿತಿ’. ನಾನು ಮಿಸುಕಲಿಲ್ಲ. ಮುಂದಿನ ವಾರ ಶೇ. 30. ಗಾಂಧಿ ಬಜಾರಿನ ವಿದ್ಯೆ ಏಳು ಸಮುದ್ರದಾಚೆಯೂ ನಡೆಯುತ್ತದೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಕಂಡಕಂಡ ಅಂಗಡಿಯಲ್ಲೆಲ್ಲ ಬುಟ್ಟಿ ತುಂಬಿ ತಿರುಗಿ ನಡೆದೆ. ‘ಈ ರಿಯಾಯಿತಿ ಇನ್ನು ಹದಿನಾಲ್ಕು ನಿಮಿಷ’ ಎಂದು ಎದೆ ನಡುಗಿಸುವ ಗಡಿಯಾರವೊಂದಿತ್ತು. ಪುಟವನ್ನು ಮತ್ತೆ ತೆರೆದರೆ ಪುನಃ ಹದಿನಾಲ್ಕು.

ಎಲ್ಲಕ್ಕಿಂತ ಕ್ರೂರವಾದದ್ದು ‘ಕೂಪನ್ ಕೋಡ್ ಇದೆಯೇ?’ ಎಂಬ ಆ ಪುಟ್ಟ ಚೌಕ. ಅದಿಲ್ಲದಿದ್ದರೆ ನಾನು ಮರ್ಯಾದೆಯಾಗಿ ದುಡ್ಡು ಕೊಟ್ಟು ಎದ್ದು ಹೋಗುತ್ತಿದ್ದೆನೇನೋ. ಕಂಡ ಮೇಲೆ, ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಆ ಕೋಡ್ ಗೊತ್ತು ಎಂಬ ಗುಮಾನಿ ಹುಟ್ಟಿತು. ದೀವಾಳಿ50 ಎಂದು ಹಾಕಿದೆ, ಕೆಂಪಕ್ಷರದಲ್ಲಿ ತಿರಸ್ಕಾರ. ಸಂಕ್ರಾಂತಿ, ಯುಗಾದಿ, ಗೌರಿ-ಗಣೇಶ ಎಲ್ಲ ಆದವು. “ರೀ, ವರಮಹಾಲಕ್ಷ್ಮಿ ಹಾಕಿ ನೋಡಿ, ದುಡ್ಡಿನ ವಿಷಯ” ಅಂತ ಒಗ್ಗರಣೆ ಹಾಕುತ್ತಲೇ ಅಡುಗೆಮನೆಯಿಂದ ಸಲಹೆ ಬಂತು. ಹಾಕಿದೆ. ಒಲಿಯಲಿಲ್ಲ.

ಮುಂಜಿಯ ವಟು ಬಂದು, “ಮಾವ, ಕ್ರ್ಯಾಕ್ ಮಾಡಿದ್ದು ಸಿಗುತ್ತೆ, ಪುಕ್ಕಟೆ” ಎಂದು ಉಪದೇಶಿಸಿದ. ಗಾಯತ್ರಿ ಉಪದೇಶವಾಗಿ ತಿಂಗಳಾಗಿರಲಿಲ್ಲ. ಅದರ ಜೊತೆ ಬರುವ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’. ಕೈಮುಗಿದೆ.

ಹಾಗೆ ನೋಡಿದರೆ ಪುಕ್ಕಟೆಯಾಗಿ, ನ್ಯಾಯವಾಗಿಯೇ ಸಿಗುವುದಿದೆ. ಡಾವಿಂಚಿ ರಿಸಾಲ್ವ್ ಅಂತ. ಸಿನಿಮಾಗಳ ಬಣ್ಣ ತಿದ್ದುವ ಅದರ ಯಂತ್ರಗಳು ಒಂದು ಕಾಲಕ್ಕೆ ಲಕ್ಷಗಟ್ಟಲೆ ಡಾಲರು ಬಾಳುತ್ತಿದ್ದವು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಅವುಗಳನ್ನು ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡು, ಆಮೇಲೆ ಒಂದು ಆವೃತ್ತಿಯನ್ನು ಉಚಿತ ಮಾಡಿತು. ಮೊಬೈಲಿನ ಪುಕ್ಕಟೆ ಆ್ಯಪ್‌ಗಳ ಹಾಗೆ ವಟುವಿನ ತಲೆಯ ಮೇಲೆ ತನ್ನ ಹೆಸರು ಕೂರಿಸುವುದಿಲ್ಲ. ಪೂರ್ತಿ ಸೌಕರ್ಯದ ಸ್ಟುಡಿಯೊ ಆವೃತ್ತಿಗೆ 295 ಡಾಲರ್, ಅದೂ ಒಂದೇ ಸಲ.

“ಮತ್ತೆ ಇಷ್ಟು ದಿನ ಏನು ಹುಡುಕಿದ್ರಿ?” ಅಂದಳು ಹೆಂಡತಿ. ಸೊನ್ನೆಯನ್ನು ಚೌಕಾಶಿ ಮಾಡಲು ಬರುವುದಿಲ್ಲ ಎಂಬ ನನ್ನ ದುಃಖ ಅವಳಿಗೆ ಅರ್ಥವಾಗುವಂಥದ್ದಲ್ಲ. ಅದು ಹಾಗಿರಲಿ, ಈ ಪುಕ್ಕಟೆಯವನಿಗೆ 16 ಜಿಬಿ ರ್‍ಯಾಮ್ ಬೇಕು, ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನದು 4 ಜಿಬಿಯ ಲ್ಯಾಪ್‌ಟಾಪು. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಹೊಸದರ ಬೆಲೆ ವಿಚಾರಿಸಿದರೆ, ಆ ದುಡ್ಡಿನಲ್ಲಿ ಸ್ಟುಡಿಯೋದವರು ಮುಂಜಿಯ ಜೊತೆಗೆ ಹುಡುಗನ ಮದುವೆಯನ್ನೂ ಮಿಕ್ಸಿಂಗ್ ಮಾಡಿಕೊಡುತ್ತಿದ್ದರು.

ಮನೆಮಟ್ಟಿಗೆ ಕತ್ತರಿಸಿ ಅಂಟಿಸಲು ಶಾಟ್‌ಕಟ್ ಸಾಕು, ಕೆಡೆನ್‌ಲೈವ್ ಸಾಕು. ಎರಡೂ ಮುಕ್ತ ತಂತ್ರಾಂಶ, ಬಿಡಿಗಾಸು ಕೇಳುವುದಿಲ್ಲ. ಗಟ್ಟಿ ಕಂಪ್ಯೂಟರಿದ್ದವರು ರಿಸಾಲ್ವ್ ಹಾಕಿಕೊಳ್ಳಲಿ. ಎಡಿಟಿಂಗಿನಿಂದಲೇ ಹೊಟ್ಟೆ ಹೊರೆಯುವವರು ಮಾತ್ರ ಬಾಡಿಗೆ ಕಟ್ಟಲಿ. ಕಟ್ಟುವ ಮುಂಚೆ ‘ತಿಂಗಳಿಗೆ ಇಷ್ಟು’ ಎಂಬ ದಪ್ಪ ಅಕ್ಷರದ ಕೆಳಗೆ ಸಣ್ಣಕ್ಷರದಲ್ಲಿ ವರ್ಷದ ಕರಾರು ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಲಿ. ಇನ್ನು ನಿಮ್ಮಲ್ಲಿ ಯಾರ ಹತ್ತಿರವಾದರೂ ನಡೆಯುವ ಕೂಪನ್ ಕೋಡ್ ಇದ್ದರೆ ದಯವಿಟ್ಟು ಕಳಿಸಿ. ಕೊಳ್ಳುವುದಿಲ್ಲ, ಹಾಕಿ ನೋಡುತ್ತೇನೆ ಅಷ್ಟೆ.