ದುರ್ಗಿಗುಡಿ ನವೋದ್ಯಮ ಶಾಸ್ತ್ರ: ಸೂತ್ರಗಳೂ ವ್ಯಾಖ್ಯಾನವೂ

ಪೀಠಿಕೆ

ಸಂಸ್ಥಾಪಕನೆಂಬ ಜೀವಿಯ ಹುಟ್ಟು, ಬೆಳವಣಿಗೆ, ಲಿಂಕ್ಡ್‌ಇನ್ ಪೋಸ್ಟು ಮತ್ತು ಅವಸಾನಗಳ ಬಗ್ಗೆ ವಿದ್ವಾಂಸರಲ್ಲಿ ಎರಡು ಸಂಪ್ರದಾಯಗಳಿವೆ. ಒಂದು, ಜಗದ್ವಿಖ್ಯಾತವಾದ ಬೆಂಗಳೂರಿನ ಕೋರಮಂಗಲ ಸಂಪ್ರದಾಯ. ಇನ್ನೊಂದು, ಈವರೆಗೆ ಯಾವ ಪಂಡಿತನೂ ಮೂಸಿ ನೋಡದ ಶಿವಮೊಗ್ಗದ ದುರ್ಗಿಗುಡಿ ಸಂಪ್ರದಾಯ. ಮೊದಲನೆಯದರಲ್ಲಿ ಮೊದಲು ಹೂಡಿಕೆ, ಆಮೇಲೆ ಗಿರಾಕಿ, ಲಾಭ ದೈವೇಚ್ಛೆ. ಎರಡನೆಯದರಲ್ಲಿ ಮೊದಲು ಗಿರಾಕಿ, ಆಮೇಲೆ ಲಾಭ. ಹೂಡಿಕೆ ಸೋದರಮಾವನ ಇಚ್ಛೆ.

ಕರ್ನಾಟಕ ಸರ್ಕಾರ 2015ರಲ್ಲಿ ನವೋದ್ಯಮ ನೀತಿ ತಂದಿತು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಶುರು ಮಾಡಿತು. ಶಿವಮೊಗ್ಗ ಸೀಮೆ ಅಷ್ಟರೊಳಗೆ ಐನೂರು ವರ್ಷ ಇದೇ ಕಸುಬು ಮಾಡಿತ್ತು. ಪಿಪಿಟಿ ಮಾಡಿಟ್ಟಿರಲಿಲ್ಲ, ಅಷ್ಟೆ. ಆ ಲೋಪವನ್ನು ನೀಗಿಸುವುದೇ ಪ್ರಸ್ತುತ ಶಾಸ್ತ್ರದ ಪ್ರಯೋಜನ.

ಸೂತ್ರ 1: ನಿಧಿ ಸಿಕ್ಕೀತು, ಶಿಸ್ತು ಸಿಗದು.

ವ್ಯಾಖ್ಯಾನ: 1499ರ ಸುಮಾರಿಗೆ ಚೌಡಪ್ಪ ನಾಯಕ ಕೆಳದಿ ಸಂಸ್ಥಾನಕ್ಕೆ ಬುನಾದಿ ಹಾಕಿದ. ಬೇಸಾಯದ ಮನೆಯ ಈತನಿಗೆ ನೆಲದಲ್ಲಿ ನಿಧಿ ಸಿಕ್ಕಿತೆಂದು ಐತಿಹ್ಯ. ಸೀಡ್ ಫಂಡಿಂಗ್ ಅನ್ನುವುದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಶಾಸ್ತ್ರದಲ್ಲಿಲ್ಲ. ಷೇರು ಬರೆದುಕೊಡುವ ಹಂಗಿಲ್ಲ, ಮೂರು ತಿಂಗಳಿಗೊಮ್ಮೆ ನಿಧಿ ಕಾಯುವ ಸರ್ಪಕ್ಕೆ ವರದಿ ಒಪ್ಪಿಸುವ ಕಾಟವಿಲ್ಲ. ಮುಂದೆ ಕೇಂದ್ರ ಕಚೇರಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಯಿತು. ಕೋರಮಂಗಲದವರು ಇದನ್ನು ಪಿವಟ್ ಎಂದು ಕರೆದು ಒಂದು ಪಾಡ್‌ಕಾಸ್ಟ್ ಮಾಡುತ್ತಿದ್ದರು.

ಪೂರ್ವಪಕ್ಷ: ನಿಧಿಯಿಂದಲೇ ಸಂಸ್ಥಾನ ನಿಂತಿತಲ್ಲವೇ? ಅಲ್ಲ. ನಿಧಿ ಸಿಕ್ಕವನನ್ನು ಜನ ಕಥೆ ಮಾಡಿದರು. ಊರೂರಿನ ಜಮೀನನ್ನು ಅದರ ಗುಣ, ಇಳುವರಿ ನೋಡಿ ದರ್ಜೆ ಮಾಡಿಸಿ ಕಂದಾಯ ಗೊತ್ತುಪಡಿಸಿದ ಶಿವಪ್ಪ ನಾಯಕನಿಗೆ (ಆಳ್ವಿಕೆ 1645–1660) ‘ಶಿಸ್ತಿನ ಶಿವಪ್ಪ ನಾಯಕ’ ಎಂದು ಬಿರುದು ಕೊಟ್ಟರು. ಲೆಕ್ಕ ಬರೆದಿದ್ದಕ್ಕೆ ಜನರಿಂದಲೇ ಬಿರುದು ಪಡೆದ ಸಿಇಒ ಇನ್ನೊಬ್ಬನಿದ್ದರೆ ಪಂಡಿತರು ತೋರಿಸಲಿ. 1763ರಲ್ಲಿ ಹೈದರಾಲಿ ಬಂದು ಅಕ್ವಿಸಿಷನ್ ಮುಗಿಸಿದ. ವ್ಯಾಲ್ಯುಯೇಷನ್ ಬಗ್ಗೆ ಮಾತುಕತೆ ನಡೆಯಲಿಲ್ಲ.

ಸೂತ್ರ 2: ಕಬ್ಬಿಣದ ಜತೆ ಹೊಗೆ ಮಾರಬಹುದು, ಬರೀ ಹೊಗೆ ಮಾರಬಾರದು.

ವ್ಯಾಖ್ಯಾನ: ಮೈಸೂರು ಸಂಸ್ಥಾನ 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದಾಗ ಯುದ್ಧದಿಂದಾಗಿ ಬೀಡುಕಬ್ಬಿಣಕ್ಕೆ ಒಳ್ಳೆ ಬೆಲೆಯಿತ್ತು. 1923ರ ಜನವರಿಯಲ್ಲಿ ಉತ್ಪಾದನೆ ಶುರುವಾಗುವ ಹೊತ್ತಿಗೆ ಯುದ್ಧವೂ ಇಲ್ಲ, ಬೆಲೆಯೂ ಇಲ್ಲ. ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿಲ್ಲ, ಕಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಕುಲುಮೆ ಉರಿಯಬೇಕು, ಅದಿರು ಕೆಮ್ಮಣ್ಣುಗುಂಡಿಯಿಂದ ಇಳಿಯಬೇಕು. ಇಂಥ ಹೊತ್ತಿನಲ್ಲಿ ಕೋರಮಂಗಲ ಸಂಪ್ರದಾಯದವನು ‘ಭಾರವಾದ ಹೃದಯದಿಂದ’ ಎಂದು ಶುರುವಾಗುವ ಪೋಸ್ಟು ಹಾಕಿ ಗೋವಾಕ್ಕೆ ಹೋಗುವುದು ವಾಡಿಕೆ.

ಭದ್ರಾವತಿಯಲ್ಲಿ ಆದದ್ದೇ ಬೇರೆ. ದಿವಾನಗಿರಿ ಬಿಟ್ಟಿದ್ದ, ‘ಮೂವತ್ತರೊಳಗಿನ ಮೂವತ್ತು ಮಂದಿ’ ಪಟ್ಟಿಗೆ ಬೇಕಾದ ವಯಸ್ಸಿನ ಎರಡರಷ್ಟು ದಾಟಿದ್ದ ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತರು. 1929ರವರೆಗೆ ಏಳಲಿಲ್ಲ. ಖರ್ಚಿಗೆ ಕತ್ತರಿ ಹಾಕಿದರು, ಹೊರಗಿನ ತಜ್ಞರ ಜಾಗಕ್ಕೆ ಇಲ್ಲಿನವರನ್ನು ತಯಾರು ಮಾಡಿದರು. ಕಟ್ಟಿಗೆ ಇದ್ದಿಲಾಗುವಾಗ ಏಳುವ ಹೊಗೆಯನ್ನೂ ಕಾರ್ಖಾನೆ ಸುಮ್ಮನೆ ಬಿಡಲಿಲ್ಲ. ಅದನ್ನು ಹಿಡಿದು ತಣಿಸಿ ಮರದ ಆಲ್ಕೋಹಾಲು, ಅಸಿಟೇಟು, ಡಾಂಬರು ತೆಗೆಯಿತು. ಹೊಗೆ ಮಾರಿ ಬದುಕುವ ಸಂಸ್ಥಾಪಕರು ಇವತ್ತೂ ಬೇಕಾದಷ್ಟಿದ್ದಾರೆ. ಕೆಳಗೆ ಕುಲುಮೆ ಮಾತ್ರ ಇರುವುದಿಲ್ಲ.

ಉತ್ಪಾದನೆಗೆ ಸರಿಯಾಗಿ ನೂರು ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಆಗಸ್ಟಿನಲ್ಲಿ ಒಂದಿಷ್ಟು ಯಂತ್ರ ಮತ್ತೆ ತಿರುಗಿತು. ಎಕ್ಸಿಟ್ ಎಂಬ ಪದ ಎಲ್ಲ ಬಾಯಲ್ಲೂ ಒಂದೇ ರುಚಿ ಕೊಡುವುದಿಲ್ಲ ಎಂದಷ್ಟೇ ವ್ಯಾಖ್ಯಾನಕಾರರು ಇಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಸೂತ್ರ 3: ರಾಶಿಗೆ ದರ ಬಂದಾಗ ಏಂಜೆಲ್ ಅವತರಿಸುತ್ತಾನೆ.

ವ್ಯಾಖ್ಯಾನ: ಇಲ್ಲಿನ ಹೂಡಿಕೆಯ ಋತುಮಾನ ಅಡಿಕೆ ಮಂಡಿಯಲ್ಲಿ ತೀರ್ಮಾನವಾಗುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ದರ್ಜೆಗಳನ್ನು ತಿಳಿಯದವನು ತೀರ್ಥಹಳ್ಳಿಯ ಮಾವನ ಮನೆಗೆ ಪಿಚ್ ಡೆಕ್ ಒಯ್ಯಬಾರದು. ದರ ಏರಿದ್ದರೆ ಕಾಫಿಯ ಜತೆ ಕೋಡುಬಳೆ ಬರುತ್ತದೆ, ಮಾತು ಮುಂದುವರಿಯುತ್ತದೆ. ಕೊಳೆರೋಗದ ವರ್ಷವಾದರೆ ‘ಮಾಡು ಮಾರಾಯ, ಒಳ್ಳೇದಾಗ್ಲಿ’ ಎಂಬ ಆಶೀರ್ವಾದ ಮಾತ್ರ. 1939ರಲ್ಲಿ ಬೆಳೆಗಾರರೇ ಕೂಡಿ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಕಟ್ಟಿದರು. ಸದಸ್ಯರೆಲ್ಲ ಮಾಲೀಕರೇ ಆದ್ದರಿಂದ ಮುಖಪುಟಕ್ಕೆ ಕೈಕಟ್ಟಿ ನಿಲ್ಲುವ ಸಂಸ್ಥಾಪಕ ಸಿಗುವುದಿಲ್ಲ. ಕೋರಮಂಗಲದ ಪಂಡಿತರು ಇದನ್ನು ಗಂಭೀರ ದೋಷವೆಂದು ಎಣಿಸುತ್ತಾರೆ.

ಸೂತ್ರ 4: ಮಂಡಕ್ಕಿ ಮೆತ್ತಗಾಗುವುದರೊಳಗೆ ಮಾರು.

ವ್ಯಾಖ್ಯಾನ: ಸಂಜೆ ಆರೂವರೆ, ಮಳೆಗಾಲ, ದುರ್ಗಿಗುಡಿಯಲ್ಲೊಂದು ಮಸಾಲೆ ಮಂಡಕ್ಕಿ ಗಾಡಿ. ಎಂಬಿಎ ಮುಗಿಸಿದ ಜಿಜ್ಞಾಸುವೊಬ್ಬ ಹೋಗಿ ಕೇಳಿದ: “ಅಣ್ಣ, ನಿಮ್ಮ ವಿಷನ್ ಏನು?”

ಗಾಡಿಯವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಎಂಟೂವರೆಗೆ ಡಬ್ಬ ಖಾಲಿ ಆಗ್ಬೇಕು ಸರ್. ಈ ಥಂಡಿಗೆ ಮೆತ್ತಗಾದ್ರೆ ನಾಯಿನೂ ಮೂಸಲ್ಲ.”

“ಅಲ್ಲ, ಐದು ವರ್ಷದ್ದು?”

“ಖಾರ ಎಷ್ಟು ಹಾಕ್ಲಿ, ಅದನ್ನ ಹೇಳಿ.”

ಜಿಜ್ಞಾಸು ಕಮ್ಮಿ ಎಂದ. ಪಕ್ಕದ ಕಾಲೇಜು ಹುಡುಗಿ ಜಾಸ್ತಿ ಎಂದಳು. ಅದೇ ಪಾತ್ರೆ, ಅದೇ ಸೌಟು. ಅರ್ಧ ನಿಮಿಷದೊಳಗೆ ಎರಡು ಬೇರೆ ಸರಕು ಪೇಪರಿನ ಪೊಟ್ಟಣಕ್ಕಿಳಿದವು. ಪ್ರಾಡಕ್ಟ್-ಮಾರ್ಕೆಟ್ ಫಿಟ್ ಹುಡುಕಲು ಒಂದು ಕಂಪನಿ ಹದಿನೆಂಟು ತಿಂಗಳ ರನ್‌ವೇ ಕೇಳುತ್ತದೆ. ಇಲ್ಲಿ ರನ್‌ವೇ ಎರಡು ಗಂಟೆ, ಆಮೇಲೆ ಮಳೆ. “ಉದ್ರಿ ಕೊಡ್ತೀರಾ?” ಎಂದು ಜಿಜ್ಞಾಸು ಕೊನೆಯದಾಗಿ ಕೇಳಿದ್ದಕ್ಕೆ ಗಾಡಿಯವನು ಕ್ಯೂಆರ್ ಹಲಗೆಯನ್ನು ಇವನ ಕಡೆಗೆ ತಿರುಗಿಸಿದ. ಇಡೀ ಶಾಸ್ತ್ರದಲ್ಲಿ ವ್ಯಾಖ್ಯಾನವೇ ಬೇಡದ ಭಾಗ ಇದೊಂದೇ.

ಸಿದ್ಧಾಂತ: ನಾಯಕನೆಂದರೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂತವನು. ಶಿವಪ್ಪ ನಾಯಕ ಕೂತ, ವಿಶ್ವೇಶ್ವರಯ್ಯ ಕೂತರು, ಮಂಡಕ್ಕಿಯವನು ಜಾಗವಿಲ್ಲದ್ದರಿಂದ ನಿಂತ.

ಫಲಶ್ರುತಿ

ಈ ಶಾಸ್ತ್ರವನ್ನು ಸಂಜೆ ಅಂಗಡಿ ಬಾಗಿಲು ಹಾಕುವಾಗ ಓದಿದವರಿಗೆ ಅಂದಿನ ಲೆಕ್ಕ ತಾಳೆಯಾಗುತ್ತದೆ. ಬೆಳಗ್ಗೆ ಕೂಡುಕೆಲಸದ ಕಚೇರಿಯ ಬೀನ್ ಬ್ಯಾಗಿನಲ್ಲಿ ಒರಗಿ ಓದಿದವರಿಗೆ ನಿದ್ದೆ ಬರುತ್ತದೆ. ಓದದೆ ಹಂಚಿಕೊಂಡವರಿಗೆ ಸಾವಿರ ಲೈಕ್ ಸಿಕ್ಕು, ಹೂಡಿಕೆಯೂ ಬಂದು, ಅದು ಮುಗಿದ ಮೇಲೆ ಮಾವನ ನೆನಪಾಗುತ್ತದೆ. ಅಂಥವರು ಹೊರಡುವ ಮುಂಚೆ ಅಡಿಕೆ ದರ ವಿಚಾರಿಸಿಕೊಳ್ಳತಕ್ಕದ್ದು.