ಕ್ಲಿಕ್ ಮೀಮಾಂಸೆ: ಹುಸಿಬೆರಳಿನ ಉಗಮ ಮತ್ತು ವಿಕಾಸ

ಶಾಸ್ತ್ರಗ್ರಂಥಕ್ಕೆ ಮೊದಲು ಮಂಗಳಾಚರಣೆ ಆಗಬೇಕು. ಆದರೆ ಈ ಶಾಸ್ತ್ರದ ಅಧಿದೇವತೆ ಯಾರೆಂಬುದರಲ್ಲೇ ಪಂಡಿತರಿಗೆ ಜಗಳ. ಒಂದು ಪಂಥ 1994ರ ಅಕ್ಟೋಬರ್ 27ಕ್ಕೆ ಕೈಮುಗಿಯುತ್ತದೆ. ಅಂದು ಹಾಟ್‌ವೈರ್ಡ್ ಜಾಲತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಮೂಡಿತು. ಕಂಡವರಲ್ಲಿ ನೂರಕ್ಕೆ 44 ಮಂದಿ ಅದನ್ನು ಒತ್ತಿಯೇ ಬಿಟ್ಟರೆಂಬುದು ಈ ಪಂಥದ ಸ್ಥಳಪುರಾಣ. ಇನ್ನೊಂದು ಪಂಥಕ್ಕೆ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಮೂಲಪುರುಷ. 1998ರಲ್ಲಿ ಆತ ಗೋಟು ಡಾಟ್ ಕಾಮ್ ಎಂಬ ಹುಡುಕುತಾಣ ತೆರೆದು, ಜನ ಹುಡುಕುವ ಪದಗಳನ್ನೇ ಹರಾಜಿಗಿಟ್ಟ. ಕೂಗು ಒಂದು ಸೆಂಟಿನಿಂದ ಶುರು. ತೋರಿಸಿದ್ದಕ್ಕೆ ಕಾಸಿಲ್ಲ, ಒತ್ತಿದರೆ ಮಾತ್ರ ಕಾಸು. 2002ರಲ್ಲಿ ಗೂಗಲ್ ಕೂಡ ಇದೇ ದಾರಿಗೆ ಬಂತು. ಮರುವರ್ಷ ಗ್ರಾಸ್ ಕಟ್ಟಿದ ಕಂಪನಿಯನ್ನು ಯಾಹೂ 160 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿತು. ಪ್ರಸ್ತುತ ಪ್ರಬಂಧಕಾರ ಎರಡನೆಯ ಪಂಥದವನು. ದುಡ್ಡು ಕೈ ಬದಲಾಯಿಸದೆ ಪಾಪ ಹುಟ್ಟುವುದಿಲ್ಲ ಎಂಬುದು ಅವನ ನಂಬಿಕೆ.

ಇನ್ನು ಲಕ್ಷಣ ನಿರೂಪಣೆ. ಮೂಲಸೂತ್ರ ಹೀಗಿದೆ: ಇಚ್ಛೆಯಿಂದ ಬೆರಳು, ಬೆರಳಿನಿಂದ ಕ್ಲಿಕ್ಕು, ಕ್ಲಿಕ್ಕಿನಿಂದ ಬಿಲ್ಲು. ಈ ನಾಲ್ಕರಲ್ಲಿ ಸರ್ವರಿಗೆ ಕಾಣುವುದು ಮೂರನೆಯದು, ಜಾಹೀರಾತು ಕೊಟ್ಟವನಿಗೆ ಕಾಣುವುದು ನಾಲ್ಕನೆಯದು. ಮೊದಲೆರಡು ಬರೀ ಅನುಮಾನ ಪ್ರಮಾಣ. ಹೊಗೆ ಇದ್ದಲ್ಲಿ ಬೆಂಕಿ ಇರಲೇಬೇಕೆಂದು ತರ್ಕಶಾಸ್ತ್ರ ಹೇಳಿತು. ಕ್ಲಿಕ್ಕು ಇದ್ದಲ್ಲಿ ಗಿರಾಕಿ ಇರಲೇಬೇಕೆಂದು ಜಾಹೀರಾತು ಶಾಸ್ತ್ರ ಹೇಳಿತು. ಬೆಂಕಿಯ ಗೋಜೇ ಇಲ್ಲದೆ ಹೊಗೆಯನ್ನಷ್ಟೇ ತಯಾರಿಸಿ ತೂಕಕ್ಕೆ ಮಾರುವವರು ಹುಟ್ಟಿಕೊಂಡಾರೆಂದು ನೈಯಾಯಿಕರಿಗೆ ಹೊಳೆದಿರಲಿಲ್ಲ. ಗೂಗಲ್‌ನ ಹಣಕಾಸು ಮುಖ್ಯಸ್ಥ ಜಾರ್ಜ್ ರೇಯಸ್‌ಗೆ 2004ರ ಡಿಸೆಂಬರಿನಲ್ಲಿ ಹೊಳೆಯಿತು. ಇದು ನಮ್ಮ ವ್ಯವಹಾರದ ಬುಡಕ್ಕೇ ಅಪಾಯ, ಬೇಗ ಏನಾದರೂ ಮಾಡಬೇಕು ಎಂದು ಆತ ಹೂಡಿಕೆದಾರರ ಮುಂದೆಯೇ ಹೇಳಿಬಿಟ್ಟ.

ಹುಸಿಕ್ಲಿಕ್ಕಿಗೆ ಪ್ರಯೋಜನ ಎರಡು ವಿಧ. ಮೊದಲನೆಯದು ಲಾಭಾರ್ಥ. ತನ್ನ ತಾಣದಲ್ಲಿ ಗೂಗಲ್ ಜಾಹೀರಾತು ಹಾಕಿಕೊಂಡವನಿಗೆ ಬಂದ ನೂರು ಡಾಲರಿನಲ್ಲಿ 68 ಸಲ್ಲುತ್ತದೆಂದು 2010ರಲ್ಲಿ ಗೂಗಲ್ಲೇ ತಿಳಿಸಿತು. ಹಾಗಿದ್ದ ಮೇಲೆ ತಾಣದ ಯಜಮಾನ ತನ್ನ ಅಂಗಳದ ಜಾಹೀರಾತನ್ನು ತಾನೇ ಒತ್ತಲು ಜ್ಯೋತಿಷಿಯನ್ನು ಕೇಳಬೇಕಿಲ್ಲ. ಎರಡನೆಯದು ಮಾತ್ಸರ್ಯಾರ್ಥ. ಎದುರು ಅಂಗಡಿಯವನ ಜಾಹೀರಾತನ್ನು ಬೆಳಗಾಗೆದ್ದು ಒತ್ತುತ್ತಾ ಕೂತರೆ, ಹತ್ತು ಗಂಟೆಯೊಳಗೆ ಅವನ ಆ ದಿನದ ಬಜೆಟ್ ಖಾಲಿ, ಜಾಹೀರಾತು ಮಾಯ, ಆ ಜಾಗಕ್ಕೆ ತಾನು ಕಡಿಮೆ ದರದಲ್ಲಿ ಏರಿಕೂರಬಹುದು. ಮೊಬೈಲು ಬಂದ ಮೇಲೆ ದಪ್ಪಬೆರಳಿನವರ ಪ್ರಮಾದಕ್ಲಿಕ್ಕೂ ಸೇರಿಕೊಂಡಿತು. ಅವರು ಒತ್ತಹೊರಟಿದ್ದು ಪುಟ ಸರಿಸಲು. ಇದನ್ನು ತಡೆಯಲು 2015ರಲ್ಲಿ ಗೂಗಲ್ ಜಾಹೀರಾತುಗಳ ಅಂಚನ್ನೇ ಕಿವುಡಾಗಿಸಬೇಕಾಯಿತು. ದಪ್ಪಬೆರಳಿನವರು ನಿರ್ದೋಷಿಗಳು. ಬಿಲ್ಲು ಮಾತ್ರ ಒಂದೇ.

ಕನ್ನಡ ಸಾಹಿತ್ಯ ಚರಿತ್ರೆಯ ಮಾದರಿಯಲ್ಲೇ ಹುಸಿಕ್ಲಿಕ್ಕಿನ ಚರಿತ್ರೆಯನ್ನೂ ಹಳೆ, ನಡು, ಹೊಸ ಎಂದು ವಿಂಗಡಿಸುವುದು ಯುಕ್ತ. ಹಳೆಕ್ಲಿಕ್ಕು ಕೈಮಗ್ಗದ ಕಾಲದ್ದು, ಮತ್ತು ಅದರಲ್ಲಿ ಭಾರತದ ಪಾಲಿದೆ ಎಂದು ಹೆಮ್ಮೆಪಡಬೇಕೋ ಬೇಡವೋ ತಿಳಿಯದು. ಮಹಾನಗರಗಳ ಗೃಹಿಣಿಯರು, ಪದವೀಧರರು, ಕೆಲಸದಲ್ಲಿದ್ದವರು ಕೂಡ ಮನೆಯಲ್ಲಿ ಕೂತು ವಿದೇಶಿ ಜಾಹೀರಾತು ಒತ್ತಿ ತಿಂಗಳಿಗೆ ನೂರಿನ್ನೂರು ಡಾಲರ್ ಗಳಿಸುತ್ತಿದ್ದಾರೆಂದು 2004ರ ಮೇ ತಿಂಗಳಲ್ಲಿ ಟೈಮ್ಸ್ ಆಫ್ ಇಂಡಿಯಾ ವರದಿ ಮಾಡಿತು. ಕೊಳ್ಳುವ ಆಸೆ ಲವಲೇಶವೂ ಇಲ್ಲದೆ ಅಮೆರಿಕದ ಸಾಲ, ವಿಮೆ, ವಕೀಲರನ್ನು ವಿಚಾರಿಸಿ ಬಂದವರು ಅವರು.

ನಡುಕ್ಲಿಕ್ಕಿನಲ್ಲಿ ಬೆರಳು ಕಳಚಿಬಿತ್ತು. 2006ರಲ್ಲಿ ಕಾಣಿಸಿಕೊಂಡ ಕ್ಲಿಕ್‌ಬಾಟ್.ಎ ಎಂಬ ಕುತಂತ್ರಾಂಶ ಒಂದು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಹೊಕ್ಕು ಕೂತಿತ್ತು. ಅದರ ಸಂಯಮ ಮೆಚ್ಚತಕ್ಕದ್ದು. ಒಂದೊಂದು ಯಂತ್ರದಿಂದಲೂ ಅನುಮಾನ ಬಾರದಷ್ಟೇ ಒತ್ತುತ್ತಿತ್ತು. ಹೊಟ್ಟೆಬಾಕರು ಸಿಕ್ಕಿಬೀಳುತ್ತಾರೆ, ಮಿತಾಹಾರಿಗಳು ಬಾಳುತ್ತಾರೆ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡುವವನನ್ನು ಹುಡುಕಿ ಸುಸ್ತಾದವರು ಇದನ್ನೊಮ್ಮೆ ನೋಡಬೇಕಿತ್ತು.

ಹೊಸಕ್ಲಿಕ್ಕಿನ ಮಹಾಕವಿ ಅಲೆಕ್ಸಾಂಡರ್ ಜ಼ುಕೋವ್ ಎಂಬ ರಷ್ಯನ್. ‘ವಂಚನೆಯ ದೊರೆ’ ಎಂಬ ಬಿರುದನ್ನು ಆಸ್ಥಾನಕ್ಕಾಗಿ ಕಾಯದೆ ತನಗೆ ತಾನೇ ಕೊಟ್ಟುಕೊಂಡಿದ್ದ. ಅವನ ಮೆಥ್‌ಬಾಟ್ ಎಂಬ ವಂಚನಾಜಾಲ ಪರರ ಕಂಪ್ಯೂಟರನ್ನು ಮುಟ್ಟಲಿಲ್ಲ. ಡಲ್ಲಾಸ್ ಮೊದಲಾದೆಡೆ 1,900ಕ್ಕೂ ಹೆಚ್ಚು ಸರ್ವರುಗಳನ್ನು ಬಾಡಿಗೆಗೆ ಹಿಡಿದು, ಆರೂವರೆ ಲಕ್ಷ ಐಪಿ ವಿಳಾಸಗಳನ್ನು ಗುತ್ತಿಗೆ ಪಡೆದು, ಅವೆಲ್ಲ ಅಮೆರಿಕದ ಸಂಸಾರಸ್ಥರ ಮನೆಗಳೆಂದು ದಾಖಲೆ ಹುಟ್ಟಿಸಿದ. ತಾಣಗಳೂ ಸೋಗಿನವೇ. ಪ್ರತಿಷ್ಠಿತ ಪತ್ರಿಕೆಗಳ ವಿಳಾಸ ಹೊತ್ತ ಖಾಲಿ ಪುಟಗಳು, ಮೇಲೊಂದು ವಿಡಿಯೊ ಜಾಹೀರಾತು. ಇಲ್ಲಿ ಒತ್ತುವುದಕ್ಕಿಂತ ನೋಡುವ ನಟನೆಯೇ ಹೆಚ್ಚು, ಮತ್ತು ಆ ಅಭಿನಯವನ್ನು ಭರತಮುನಿ ಕೂಡ ಒಪ್ಪುತ್ತಿದ್ದ. ಇಲ್ಲದ ಮೌಸು ಪುಟದ ಮೇಲೆ ಅಲೆದಾಡುತ್ತದೆ, ಕೆಳಕ್ಕೆ ಸರಿಯುತ್ತದೆ, ವಿಡಿಯೊ ಶುರುಮಾಡಿ ಬೇಸರ ಬಂದಂತೆ ನಡುವೆ ನಿಲ್ಲಿಸುತ್ತದೆ. ಪಕ್ಕದಲ್ಲಿ ಫೇಸ್‌ಬುಕ್ ಬೇರೆ ತೆರೆದಿಟ್ಟ ಸೋಗು. ಬೇಸರವನ್ನೂ ನಟಿಸಿದ್ದೇ ಇದರ ಔನ್ನತ್ಯ. ಈ ಕೃತಿಗೆ ಸಂದ ಸಂಭಾವನೆ 70 ಲಕ್ಷ ಡಾಲರ್. 2021ರ ನವೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ದಯಪಾಲಿಸಿದ್ದು ಹತ್ತು ವರ್ಷ ಸೆರೆವಾಸ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಕಳ್ಳರ ಮಾತು ಬಿಡಿ, ಸಾಚಾ ಬೆರಳು ಒತ್ತಿದ ಸಾಚಾ ಕ್ಲಿಕ್ಕಿಗಾದರೂ ಫಲ ಉಂಟಲ್ಲ ಎನ್ನುತ್ತಾರೆ. ಇವರಿಗೆ ಉತ್ತರ ಕೊಡಲು ಕಳ್ಳರ ಅಗತ್ಯವಿಲ್ಲ, ಈಬೇ ಸಾಕು. 2012ರ ಮಾರ್ಚಿನಲ್ಲಿ ಈಬೇಯ ಅರ್ಥಶಾಸ್ತ್ರಜ್ಞರಾದ ಬ್ಲೇಕ್, ನಾಸ್ಕೊ, ಟಡೆಲಿಸ್ ಎಂಬ ಮೂವರು, ‘ಈಬೇ’ ಎಂದೇ ಹುಡುಕುವವರಿಗೆ ಯಾಹೂ ಮತ್ತು ಮೈಕ್ರೊಸಾಫ್ಟ್‌ನಲ್ಲಿ ತೋರುತ್ತಿದ್ದ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಕ್ಲಿಕ್ಕುಗಳಲ್ಲಿ ನೂರಕ್ಕೆ 99.5 ಪಾಲು ಕೆಳಗಿನ ಪುಕ್ಕಟೆ ಕೊಂಡಿಯಿಂದ ವಾಪಸು ಬಂತು. ಧರ್ಮಸ್ಥಳದ ಊಟದ ಸಾಲಿನಲ್ಲಿ ನಿಂತವರನ್ನು ತೋರಿಸಿ, ಇವರನ್ನೆಲ್ಲ ಕರೆತಂದದ್ದು ನಾನೇ ಎಂದು ತಲೆಗಿಷ್ಟು ಕಮಿಷನ್ ಕೇಳುವವನಿಗೆ ಕಂಪನಿ ಅದುವರೆಗೆ ದುಡ್ಡು ಕೊಡುತ್ತಿತ್ತು. ಬಳಿಕ ಅಮೆರಿಕದ ಸುಮಾರು ನೂರಕ್ಕೆ 30 ಪ್ರದೇಶಗಳಲ್ಲಿ ಗೂಗಲ್‌ನ ಉಳಿದ ಪದಗಳ ಜಾಹೀರಾತನ್ನೂ ನಿಲ್ಲಿಸಿದರು; ಮಾರಾಟ ಅಳತೆಗೆ ಸಿಗುವಷ್ಟೂ ಇಳಿಯಲಿಲ್ಲ. ಹೊಸಬರ ಮೇಲೆ ಒಂದಿಷ್ಟು ಪರಿಣಾಮ ಇತ್ತು, ಅದನ್ನು ಮರೆಮಾಚುವುದು ತಪ್ಪು. ಆದರೆ ಖರ್ಚಿನ ಬಹುಪಾಲು ಹೇಗೂ ಬರುತ್ತಿದ್ದ ಹಳಬರ ಮೇಲೆಯೇ ಸುರಿದಿತ್ತು. ಈ ಫಲಿತಾಂಶ 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಅಚ್ಚಾಯಿತು.

ಜೆಪಿ ಮೋರ್ಗನ್ ಚೇಸ್ ಬ್ಯಾಂಕಿನ ಪ್ರಸಂಗದಲ್ಲಿ ಒಂದು ಕ್ಲಿಕ್ಕಾದರೂ ನಿಷ್ಠೆಯಿಂದ ನಡೆಯಿತು. ಬ್ಯಾಂಕಿನ ಜಾಹೀರಾತು ತಿಂಗಳಿಗೆ ನಾಲ್ಕು ಲಕ್ಷ ತಾಣಗಳಲ್ಲಿ ಹರಡಿತ್ತು. 2017ರಲ್ಲಿ ಲೆಕ್ಕ ತೆಗೆದರೆ, ಬರೀ ತೋರುವಿಕೆಯಾಚೆ ಏನಾದರೂ ನಡೆದದ್ದು 12,000 ತಾಣಗಳಲ್ಲಿ ಮಾತ್ರ. ಆ ಹನ್ನೆರಡು ಸಾವಿರವನ್ನೂ ಒಬ್ಬ ತರಬೇತಿ ಉದ್ಯೋಗಿಯ ಮುಂದೆ ಸುರಿದು, ಒಂದೊಂದಾಗಿ ತೆರೆದು ನೋಡಲು ಹೇಳಿದರು. 7,000 ತಾಣಗಳು ಜಾಹೀರಾತಿಗೆ ಲಾಯಕ್ಕಿಲ್ಲವೆಂದು ಬಿದ್ದುಹೋದವು. ಉಳಿದ 5,000ದಲ್ಲಷ್ಟೇ ಜಾಹೀರಾತು ಕೊಟ್ಟಾಗ ಬಂದ ಫಲ ಮೊದಲಿನಷ್ಟೇ. ಇಡೀ ಉದ್ಯಮದಲ್ಲಿ ಸಂಬಳಕ್ಕೆ ತಕ್ಕಂತೆ ಕ್ಲಿಕ್ ಮಾಡಿದ ಏಕೈಕ ವ್ಯಕ್ತಿಯೆಂದು ಆ ತರಬೇತಿ ಉದ್ಯೋಗಿಗೆ ಗೌರವ ಡಾಕ್ಟರೇಟ್ ಕೊಡಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ.

ಕೊನೆಗೆ ಪ್ರಾಯಶ್ಚಿತ್ತ ಪ್ರಕರಣ. 2005ರಲ್ಲಿ ಅರ್ಕಾನ್ಸಾದ ಲೇನ್ಸ್ ಗಿಫ್ಟ್ಸ್ ಎಂಬ ಉಡುಗೊರೆ ಅಂಗಡಿ, ಹುಸಿಕ್ಲಿಕ್ಕಿಗೂ ದುಡ್ಡು ಕಿತ್ತರೆಂದು ಗೂಗಲ್ ಮೊದಲಾದವರ ಮೇಲೆ ದಾವೆ ಹೂಡಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಲೆಕ್ಸಾಂಡರ್ ಟುಝಿಲಿನ್ ಗೂಗಲ್‌ನ ಒಳಮನೆ ಹೊಕ್ಕು ಪರೀಕ್ಷಿಸಿ, 2006ರ ಜುಲೈನಲ್ಲಿ 47 ಪುಟಗಳ ವರದಿ ಕೊಟ್ಟರು. ಕಳ್ಳಕ್ಲಿಕ್ಕು ಹಿಡಿಯಲು ಗೂಗಲ್ ಮಾಡುತ್ತಿರುವ ಪ್ರಯತ್ನ ಸಮಂಜಸವಾಗಿದೆ. ಆದರೆ ಎಷ್ಟೋ ಕ್ಲಿಕ್ಕುಗಳ ಹಿಂದಿನ ಉದ್ದೇಶ ಏನೆಂದು ಮನುಷ್ಯನಾಗಲಿ ಯಂತ್ರವಾಗಲಿ ನಿಶ್ಚಯಿಸಲಾಗದು ಎಂಬುದು ಅದರ ಸಾರ. ಒಂಬತ್ತು ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ ಮೂರು ಕೋಟಿಯವರೆಗೆ ವಕೀಲರ ಫೀಸು, ನಗದು. ಮೋಸಹೋದ ಜಾಹೀರಾತುದಾರರ ಪಾಲನ್ನು ಗೂಗಲ್ ಜಾಹೀರಾತು ಕೊಳ್ಳಲು ಮಾತ್ರ ನಡೆಯುವ ಕ್ರೆಡಿಟ್ಟಿನ ರೂಪದಲ್ಲಿ ಹಂಚಲಾಯಿತು.