ಬಾವನ ಎ.ಸಿ. ಟ್ರಾಲಿ

ಟ್ರಾಲಿಯ ಮೇಲೆ ಮಲಗುವ ಕೋಣೆ ಕಟ್ಟಿಸುವವರಲ್ಲಿ ಎರಡು ಪಂಗಡ. ಹೆಂಡತಿಯನ್ನು ಕೇಳಿ ಕಟ್ಟಿಸುವವರು, ಕಟ್ಟಿಸಿಯಾದ ಮೇಲೆ ಹೇಳುವವರು. ನಮ್ಮ ಬಾವ ಎರಡನೇ ಪಂಗಡದ ಹಿರಿಯ ಸದಸ್ಯರು. ರಾಯದುರ್ಗ ಸೀಮೆಯ ನಮ್ಮ ಕಣೇಕಲ್ಲಿನ ಟ್ರ್ಯಾಕ್ಟರ್ ಟ್ರಾಲಿಗಳು ಏನೇನು ಹೊತ್ತಿಲ್ಲ ಹೇಳಿ? ಭತ್ತ, ಶೇಂಗಾ, ತಿಪ್ಪೆಗೊಬ್ಬರ, ಹಗರಿ ಹೊಳೆಯ ಮರಳು, ಮದುವೆ ದಿಬ್ಬಣ, ಚುನಾವಣೆಯ ಜನ. ನಿದ್ದೆಯೊಂದನ್ನು ಹೇರುವುದು ಬಾಕಿಯಿತ್ತು. ಬಾವ ಅದನ್ನೂ ಹೇರಿದರು.

ಯಾಕೆ ಅಂತ ಕೇಳಿದರೆ ಮೆಣಸಿನಕಾಯಿ ಕಾವಲಿಗೆ ಅಂತಾರೆ. ಪೂರ್ತಿ ಸುಳ್ಳಲ್ಲ. ತುಂಗಭದ್ರಾ ಮೇಲ್ಮಟ್ಟದ ಕಾಲುವೆ (ಎಚ್‌ಎಲ್‌ಸಿ) ನೀರಿಗೆ ಬೆಳೆದ ಕಾಯಿ ಕಣದಲ್ಲಿ ಒಣಗುವಷ್ಟು ದಿನ ಯಾರಾದರೂ ಹೊಲದಲ್ಲೇ ಮಲಗಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಧಾರಣೆ ಏರಿದ ವರ್ಷವಂತೂ ಬಾವನಿಗೆ ಮನೆಯಲ್ಲಿ ಮಲಗಿದರೂ ನಿದ್ದೆ ಬರುವುದಿಲ್ಲ. ಇದಲ್ಲದೆ ಇನ್ನೊಂದು ಕಾರಣವನ್ನೂ ಮುಂದಿಟ್ಟರು. ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲು, ಮೂರೂ ಕಡೆಯ ಆಂಜನೇಯಸ್ವಾಮಿಯನ್ನು ಒಂದೇ ದಿನ ದರ್ಶನ ಮಾಡಿದರೆ ಪುಣ್ಯ ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಆ ಯಾತ್ರೆಗೂ ಆಯಿತು ಅಂದರು. “ಮೂರೂ ಗುಡಿ ಒಂದೇ ದಿನ ಮುಗಿಸಬೇಕು ಅಂದ್ರೆ ಇದರಾಗೆ ಮಲಗೋದು ಯಾವಾಗ ಬಾವ?” ಅಂತ ಕೇಳಿದೆ. ಬಾವ ಎತ್ತುಗಳಿಗೆ ಮೇವು ಹಾಕೋದೈತೆ ಅಂತ ಎದ್ದು ಹೋದರು. ಎತ್ತು ಮಾರಿ ಟ್ರ್ಯಾಕ್ಟರ್ ತಂದು ಕಾಲವಾಯಿತು.

ಕೋಣೆ ಅಂದರೆ ಹಳೇ ಟ್ರಾಲಿ, ಅದರ ಮೇಲೆ ಸ್ಕ್ವೇರ್ ಪೈಪಿನ ಚೌಕಟ್ಟು, ಸುತ್ತಲೂ ತಲೆಯ ಮೇಲೂ ಜಿಂಕ್ ಶೀಟು, ಒಂದು ಬಾಗಿಲು, ಅಂಗೈಯಗಲದ ಒಂದು ಕಿಟಕಿ. ವೆಲ್ಡಿಂಗ್ ಅಂಗಡಿಯಲ್ಲಿ ಲೆಕ್ಕ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ ನಡೆಯಿತು. ನಮ್ಮ ಸೀಮೆಯ ಪದ್ಧತಿಯೇ ಅದು. ಏಪ್ರಿಲ್ ಬಿಸಿಲಿಗೆ ಬಯಲಲ್ಲಿ ನಿಲ್ಲಿಸಿದ್ದಾಯಿತು. ಅಕ್ಕ ಬಂದಳು, ಬಾಗಿಲು ತೆಗೆದಳು, ಮುಖಕ್ಕೆ ಹೊಡೆದ ಝಳಕ್ಕೆ ಎರಡು ಹೆಜ್ಜೆ ಹಿಂದೆ ಸರಿದಳು. “ಒಳ್ಳೇದಾತು. ಇನ್ನು ರೊಟ್ಟಿ ಹಂಚಿಗೆ ಸೌದೆ ಉಳೀತು” ಅಂದಳು. ಅಷ್ಟೇ. ಆ ಒಂದು ಮಾತಿಗೆ ಬಾವನ ಗಂಡಸ್ತನ ಕೆರಳಿ, ಅವರ ಬಾಯಲ್ಲಿ ಆ ಎರಡಕ್ಷರ ಬಂತು: ಎ.ಸಿ.

“ಲಾರಿ ಡ್ರೈವರಿಗೇ ಎ.ಸಿ. ಕೊಡ್ತೈತೆ ಸರ್ಕಾರ, ನಮಗ್ಯಾಕಿರಬಾರದು?” ಅನ್ನುವುದು ಅವರ ವಾದ. ಕೊಡುತ್ತಿರುವುದು ನಿಜ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕು ಎಂಬ ನಿಯಮವಿದೆ. ಅಕ್ಟೋಬರ್ 1 ಅಂದರೆ ನಮ್ಮ ಭಾಗಕ್ಕೆ ಮೊದಲೇ ಅಷ್ಟು ಆಗಿಬರದ ತಾರೀಖು. 1953ರಲ್ಲಿ ಅದೇ ದಿನ ಬಳ್ಳಾರಿ ಮೈಸೂರಿನ ಕಡೆ ಹೋಯಿತು, ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ರಾಯದುರ್ಗ ತಾಲೂಕು ಆಂಧ್ರದ ಕಡೆ ಬಂತು. ಈ ಸಲದ ಅಕ್ಟೋಬರ್ 1ರಲ್ಲೂ ನಮ್ಮ ಪಾಲಿಗೇನೂ ಇಲ್ಲ. ನಿಯಮ ಲಾರಿಗೆ, ಟ್ರಾಲಿಗಲ್ಲ, ಬಾವನಿಗಂತೂ ಅಲ್ಲ.

ಎ.ಸಿ.ಯ ಲೆಕ್ಕ ಹಾಕೋಣ ಕೂತುಕೊಳ್ಳಿ ಬಾವ ಅಂದೆ. ಇದ್ದುದರಲ್ಲಿ ಸಣ್ಣದು, ಮುಕ್ಕಾಲು ಟನ್ನಿನದು, ಓಡುವಾಗ ಸುಮಾರು 800 ವಾಟ್ ಎಳೆಯುತ್ತದೆ. ನಡುನಡುವೆ ನಿಂತು ನಿಂತು ಓಡುತ್ತದೆ ಅಂತ ಅರ್ಧ ಕಳೆದರೂ ಎಂಟು ಗಂಟೆ ನಿದ್ದೆಗೆ 3,200 ವಾಟ್-ಅವರ್. ಬಾವನ ಟ್ರ್ಯಾಕ್ಟರಿನಲ್ಲಿರುವುದು 12 ವೋಲ್ಟಿನ, 88 ಆಂಪಿಯರ್-ಅವರಿನ ಬ್ಯಾಟರಿ. ತುದಿಯವರೆಗೆ ಹಿಂಡಿದರೂ ಸಾವಿರದ ಚಿಲ್ಲರೆ. ಅದರಲ್ಲೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಯಾಕೆಂದರೆ ಅದು ಸೆಲ್ಫ್ ಹೊಡೆಯುವುದಕ್ಕೆ ಹುಟ್ಟಿದ ಬ್ಯಾಟರಿ. ಒಂದು ಗಳಿಗೆ ಜೋರಾಗಿ ಕೊಡುತ್ತದೆ, ರಾತ್ರಿಯಿಡೀ ಸಂಸಾರ ಮಾಡುವುದಿಲ್ಲ. ಎ.ಸಿ. ಹಚ್ಚಿದರೆ ಬಾವ ಎರಡನೇ ಮಗ್ಗುಲಿಗೆ ಹೊರಳುವಷ್ಟರಲ್ಲಿ ಮುಗಿಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲ್ಲ, ಊರಿನ ಹುಡುಗರೆಲ್ಲ ಎರೆ ಹೊಲದಲ್ಲಿ ಅದನ್ನು ತಳ್ಳಬೇಕು, ತಳ್ಳಿದವರಿಗೆಲ್ಲ ಟೀ ಕುಡಿಸಬೇಕು.

“ಹಂಗಾದ್ರೆ ಸಣ್ಣ ಜನರೇಟರ್ ಇಟ್ಟುಬಿಡ್ತೀನಿ, ಬಾಗಿಲ ಪಕ್ಕಕ್ಕೆ” ಅಂದರು. ಇಲ್ಲಿ ಮಾತ್ರ ನಾನು ತಮಾಷೆ ಬಿಟ್ಟೆ. ಮುಚ್ಚಿದ ಕೋಣೆ, ಹತ್ತಿರದಲ್ಲೇ ಓಡುವ ಎಂಜಿನ್ನು, ಅದರ ಹೊಗೆಯಲ್ಲಿ ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಮಲಗಿದವರು ಏಳುವುದಿಲ್ಲ. ಬಾವ ಒಂದು ಕ್ಷಣ ಸುಮ್ಮನಾಗಿ, “ನಿಮ್ಮಕ್ಕನಿಗೆ ಹೇಳಬ್ಯಾಡ” ಅಂದರು.

ಅಸಲಿಗೆ ಬಾವನ ತಪ್ಪು ಎಲ್ಲಿ ಅಂದರೆ, ಹಗಲಿಡೀ ಬಿಸಿಲನ್ನು ಒಳಗೆ ಕರೆದು ಕೂರಿಸಿ, ರಾತ್ರಿ ದುಡ್ಡು ಕೊಟ್ಟು ಹೊರಗೆ ತಳ್ಳಲು ಹೊರಟಿದ್ದು. ಅವರ ಅಪ್ಪ ಕಟ್ಟಿಸಿದ ಮಾಳಿಗೆ ಮನೆ ಪಕ್ಕದಲ್ಲೇ ಇದೆ. ಮೊಳದಗಲದ ಗೋಡೆ, ತಲೆಯ ಮೇಲೆ ಮಣ್ಣಿನ ಮೇಲುಮುದ್ದೆ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಹೋದರೆ ಮೈ ತಣ್ಣಗಾಗುತ್ತದೆ. ಆ ಮಣ್ಣನ್ನೆಲ್ಲ ಟ್ರಾಲಿ ಮೇಲೆ ಹೇರುವುದಾಗದು, ಟೈರು ಕೂರುತ್ತದೆ. ಆದರೆ ಬುದ್ಧಿಯನ್ನು ಹೇರಬಹುದು. ಶೀಟಿನ ಮೇಲೆ ನಾಲ್ಕು ಬೆರಳು ಸಂದು ಬಿಟ್ಟು ಇನ್ನೊಂದು ಹೊದಿಕೆ ಹಾಕಿ, ನಡುವೆ ಗಾಳಿ ಓಡಾಡಲಿ. ಮೇಲಿನದಕ್ಕೆ ಬಿಳಿ ಬಳಿಯಿರಿ. ಶೀಟಿನ ಒಳಮೈಗೆ ಪ್ಲೈವುಡ್ ಹೊಡೆದು ನಡುವೆ ಏನಾದರೂ ತುಂಬಿ. ಥರ್ಮೋಕೋಲು ಬೇಡ, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಇನ್ನೂ ವೆಲ್ಡಿಂಗ್ ಬಾಕಿಯಿದೆ. ರಾಯದುರ್ಗದ ಗಾರ್ಮೆಂಟುಗಳಲ್ಲಿ ಜೀನ್ಸ್ ಕತ್ತರಿಸಿ ಉಳಿದ ಚಿಂದಿ ಚೀಲಗಟ್ಟಲೆ ಬಿದ್ದಿರುತ್ತದೆ, ವೆಲ್ಡಿಂಗ್ ಮುಗಿದ ಮೇಲೆ ಅದನ್ನೇ ತುಂಬಿ, ಚಿಂದಿಯೂ ಕಿಡಿಗೆ ಹತ್ತುವಂಥದ್ದೇ ಅಂದೆ. “ಜೀನ್ಸ್ ಹಾಕ್ಕೊಳ್ಳೋ ವಯಸ್ಸಿನಾಗೆ ಹಾಕ್ಕೊಳ್ಳಲಿಲ್ಲ, ಈಗ ನನ್ನ ಟ್ರಾಲಿಗೆ ಹಾಕಿಸ್ತೀಯೇನು?” ಅಂದರೂ ಮರುದಿನ ಚೀಲಗಳು ಬಂದವು.

ಇನ್ನು ಕರೆಂಟು. ಮಡಕಶಿರಾ ಗಡಿಯಾಚೆ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಅದನ್ನು ನೋಡಿಬಂದ ಮೇಲೆ ಬಾವನಿಗೆ ಒಂದು ಪ್ಯಾನೆಲ್ ಅಂದರೆ ಅವಮಾನ. ಟ್ರಾಲಿ ಮೇಲೆ ಹಿಡಿಸುವುದೇ ಅಷ್ಟು ಅಂತ ಸಮಾಧಾನ ಮಾಡಿದೆ. 330 ವಾಟಿನದು ಒಂದು, ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ನಮ್ಮ ಬಿಸಿಲಿಗೆ ದಿನಕ್ಕೆ ಒಂದು ಯೂನಿಟ್ಟಿಗೆ ಮೋಸವಿಲ್ಲ. ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಅಂದುಕೊಳ್ಳುವವರಿಗೆ ಒಂದು ಮಾತು: ಪ್ಯಾನೆಲ್ಲಿಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಕೈಬಿಡುತ್ತಾ ಹೋಗುತ್ತದೆ. ಆದ್ದರಿಂದ ಅದನ್ನೂ ಸಂದು ಬಿಟ್ಟೇ ಕೂರಿಸಬೇಕು. ಹಾಗೆ ಕೂರಿಸಿದರೆ ಸೂರಿಗೆ ಪುಕ್ಕಟೆ ನೆರಳು. ಹಗರಿ ದಂಡೆಯ ಮರಳು ಗಾಳಿಗೆ ಎದ್ದು ಬಂದು ಅದರ ಮೇಲೆ ಕೂರುತ್ತದೆ, ದಿನಾ ಬೆಳಿಗ್ಗೆ ಒರೆಸಬೇಕು. ಮನೆಯಲ್ಲಿ ಒಂದು ದಿನವೂ ಟೇಬಲ್ ಒರೆಸದ ಬಾವ ಅದನ್ನು ಒರೆಸುವುದನ್ನು ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಾಳೆ.

ಬ್ಯಾಟರಿ ಬೇರೆ ತಂದರು, ಇನ್ವರ್ಟರಿನ 150 ಆಂಪಿಯರ್-ಅವರಿನದು. ತಂದವರೇ ಅದನ್ನು ದಿಂಬಿನ ಬುಡಕ್ಕೆ ಇಡಲು ಹೊರಟರು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ ಮಾರಾಯರೇ, ಹೊರಗೆ ಕೊಂಡಿಯ ಹತ್ತಿರ ಪೆಟ್ಟಿಗೆ ಮಾಡಿ ಇಡಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ ಅಂದೆ. ವೈರಿನಲ್ಲಿ ಮಾತ್ರ ಬಾವ ಕಾಸು ಉಳಿಸಿದರು. ಮನೆಯ ಲೈಟಿಗೆ ಹಾಕುವ 1.5 ಚದರ ಮಿಲಿಮೀಟರಿನ ಸಣ್ಣ ವೈರನ್ನೇ ಐದು ಮೀಟರ್ ಎಳೆದರು. 230 ವೋಲ್ಟಿಗೆ ಅದು ಸಾಕು. 12 ವೋಲ್ಟಿನಲ್ಲಿ ಹತ್ತು ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. ಫ್ಯಾನು ತಿರುಗುತ್ತಿದೆಯೋ ತೂಕಡಿಸುತ್ತಿದೆಯೋ ತಿಳಿಯದಾದಾಗ ದಪ್ಪ ವೈರು ಬಂತು. ಫ್ಯಾನೂ ಬದಲಾಯಿತು. ಹಳೇ ಫ್ಯಾನು 75 ವಾಟಿನದು. ಈಗಿನ ಬಿಎಲ್‌ಡಿಸಿ ಫ್ಯಾನು 28ಕ್ಕೇ ಅಷ್ಟೇ ಗಾಳಿ ಕೊಡುತ್ತದೆ, ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್ ಒಳಗೆ.

ಆದರೆ ಫ್ಯಾನು ಬಿಸಿ ಗಾಳಿಯನ್ನೇ ಬೀಸಿದರೆ ಏನು ಬಂತು? ಇಲ್ಲಿ ನಮ್ಮ ಬರಗಾಲದ ಸೀಮೆ ಒಂದು ಉಪಕಾರ ಮಾಡಿದೆ. ಗಾಳಿ ಒಣ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 670 ವಾಟ್-ಅವರಿನಷ್ಟು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗಂಟೆಗೆ ಎರಡು ಲೀಟರ್ ಹಾರಿಸಿದರೆ ಬಾವ ಬಯಸಿದ ಎ.ಸಿ. ಎಳೆಯುವ ಶಾಖದ ಅರ್ಧದಷ್ಟಾಯಿತು. ಅದಕ್ಕೆ ಬೇಕಾದದ್ದು ಒಂದು ಗೋಣಿತಟ್ಟು, ಇಪ್ಪತ್ತು ಲೀಟರಿನ ಕ್ಯಾನು, ನೀರೆತ್ತಿ ತಟ್ಟಿನ ಮೇಲೆ ಸುರಿಸಲು ಅಂಗೈಯಷ್ಟು ಮೋಟರು. ಗಾಳಿ 40 ಡಿಗ್ರಿ ಕಾದಿದ್ದು, ತೇವ ಶೇಕಡಾ 20ರಷ್ಟೇ ಇದ್ದರೆ, ತಟ್ಟು ಚೆನ್ನಾಗಿ ನೆನೆದಿದ್ದರೆ, ಒಳಗೆ ಬರುವಾಗ ಅದೇ ಗಾಳಿ 26–27ಕ್ಕೆ ಇಳಿದಿರುತ್ತದೆ. ಮಂಗಳೂರಿನಲ್ಲಿ ಇದೇ ಆಟ ಆಡಿದರೆ ಗೋಣಿಯೂ ಒಣಗುವುದಿಲ್ಲ, ಮಲಗಿದವನ ಬೆವರೂ ಒಣಗುವುದಿಲ್ಲ. ಅಲ್ಲಿಯ ಅಳಿಯಂದಿರಿಗೆ ಈ ವಿದ್ಯೆ ಹೇಳಿಕೊಟ್ಟು ಮಾನ ಕಳೆದುಕೊಳ್ಳಬೇಡಿ.

ಕಿಟಕಿಯನ್ನು ದೊಡ್ಡದು ಮಾಡಿಸಿ ಗಾಳಿ ಬರುವ ಕಡೆಗೆ ತಟ್ಟು ಕಟ್ಟಿದ್ದಾಯಿತು. ಅದರ ಎದುರಿಗೆ ಇನ್ನೊಂದು ಕಿಂಡಿ ತೆರೆದಿರಲೇಬೇಕು, ಇಲ್ಲದಿದ್ದರೆ ಒಳಗೆ ತೇವ ತುಂಬಿ ಉಸಿರು ಕಟ್ಟುತ್ತದೆ. ಬಾವ ಮೊದಲು ಮಾಡಿದ ಕೆಲಸವೇ ಅದನ್ನು ಮುಚ್ಚಿದ್ದು, ತಂಪು ಹೊರಗೆ ಹೋಗುತ್ತದೆ ಅಂತ! ಜೊತೆಗೆ ಸೊಳ್ಳೆ ಭಯ. ಕಾಲುವೆಯಲ್ಲಿ ನೀರಿದ್ದಾಗ ಸೊಳ್ಳೆ, ನೀರಿಲ್ಲದಾಗ ಬಿಸಿಲು, ಇವೆರಡರ ನಡುವೆಯೇ ನಮ್ಮೂರಿನವರ ಆಯುಷ್ಯ. ಕಿಂಡಿಗೆ ಜಾಳಿಗೆ ಹೊಡೆಸಿದರು. ಕೊನೆಗೆ ಆರಿಂಚಿನ ಫೋಮ್ ಹಾಸಿಗೆಯನ್ನೂ ಅಕ್ಕ ಹೊರಗೆಸೆದು ಹಗ್ಗದ ಹೊರಸು ಒಳಗಿಟ್ಟಳು. ಬೆನ್ನ ಕೆಳಗೂ ಗಾಳಿ ಆಡಿತು. ಅವತ್ತಿನಿಂದ ಬಾವ ಆ ಟ್ರಾಲಿಯಲ್ಲಿ ಹೊದ್ದು ಮಲಗುತ್ತಾರೆ.

ಮನ್ರೋ ಸಾಹೇಬರು 1800ರಿಂದ 1807ರವರೆಗೆ ಈ ದತ್ತಮಂಡಲಕ್ಕೆಲ್ಲ ಕಲೆಕ್ಟರಾಗಿದ್ದಾಗ ಊರೂರು ಡೇರೆ ಹಾಕಿಕೊಂಡು ತಿರುಗಿದವರು. ಅವರಿಗಿಲ್ಲದ ಸೌಕರ್ಯ ನನಗಿದೆ ಅಂತ ಬಾವ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಆದರೆ ಗೋಣಿತಟ್ಟಿನ ಸುದ್ದಿ ಎತ್ತುವುದಿಲ್ಲ. ಜನ ಬಂದಾಗ ಅದರ ಮುಂದೆ ಒಂದು ಪರದೆ ಎಳೆಯುತ್ತಾರೆ.

ಮೊನ್ನೆ ಪೇಂಟರನ್ನು ಕರೆಸಿದರು. ಟ್ರಾಲಿ ಓಡುವಾಗ ಒಳಗೆ ಜನ ಕೂರುವಂತಿಲ್ಲ ಎಂಬ ಕಾನೂನು ನೆನಪಿಸಿದೆ. ನಿಂತಾಗ ಮಾತ್ರ ಮಲಗೋದು ಅಂತ ಅಕ್ಕನ ಮುಂದೆ ಪ್ರಮಾಣ ಮಾಡಿದರು. ಆಮೇಲೆ ಬಾಗಿಲ ಮೇಲೆ ದೊಡ್ಡದಾಗಿ ‘ಎ.ಸಿ. ಕೋಚ್’ ಅಂತ ಬರೆಯಲು ಹೇಳಿದರು. ತೆಲುಗಿನಲ್ಲೋ ಕನ್ನಡದಲ್ಲೋ ಅಂತ ಪೇಂಟರ್ ಕೇಳಿದ.

“ಎರಡರಾಗೂ ಬರಿಯಪ್ಪ. ಆರ್‌ಟಿಓದವರಿಗೆ ಮಾತ್ರ ಕಾಣದಂಗೆ ಬರಿ.”